ಒಳಗೆ ಯಾರಾದರೂ ಇದ್ದಾರಾ?

ಇದು ನನ್ನ ಷಡ್ಡಕನಿಗೆ ಆದದ್ದು. ಅವನ ಹೆಂಡತಿ, ನನ್ನ ಹೆಂಡತಿ ಒಡಹುಟ್ಟಿದವರು. ನಂಬಿದರೆ ನಂಬಿ… ನಡೆದದ್ದಂತೂ ಹೌದು.

ಅವನದು ಕಂಪ್ಯೂಟರ್ ರಿಪೇರಿ. ಆ ರಾತ್ರಿ ತೊಗಲಿನ ಗೋದಾಮಿನಲ್ಲಿ ಕೆಲಸ ಮುಗಿಸಿ ಮನೆಗೆ ಹೊರಟಿದ್ದ. ಗೋದಾಮಿನ ಹಿಂದೆ ಒಂದು ಪಾಳುಬಾವಿ. ತೊಗಲಿನಿಂದ ಹೆರೆದ ಕೊಬ್ಬು, ಕೂದಲು, ಎಲ್ಲ ಅದಕ್ಕೇ ಸುರಿಯುತ್ತಾರೆ. ಪಕ್ಕದಲ್ಲಿ ಹಾದರೆ ಹೊಟ್ಟೆಯಲ್ಲಿದ್ದದ್ದು ಬಾಯಿಗೆ ಬರುತ್ತದೆ. ಮೂಗು ಹಿಡಿದು ಬಿರಬಿರನೆ ನಡೆದ. ಬಾವಿಯೊಳಗೆ ಏನೋ ಗುಳುಕ್… ಅಂತು.

ಹಿಂದೆ ಚಪ್ಪಲಿ ಸದ್ದು. ಪಟ… ಪಟ ಪಟ…

ಗೋದಾಮಿನ ಕಾವಲುಗಾರ. ಏದುಸಿರು ಬಿಡುತ್ತಿದ್ದ.

"ರಿಪೇರಿ ಅಣ್ಣಾ, ವಾಪಸ್ ಬರಬೇಕಂತೆ. ಧಣಿ ಕೂಗಾಡ್ತಿದ್ದಾರೆ."

"ಈಗ ತಾನೆ ಸರಿಮಾಡಿ ಬಂದೆನಲ್ಲೋ!"

"ಏನೋ ಗೊತ್ತಿಲ್ಲ. ಮೆಶೀನು ಮಾತೇ ಕೇಳ್ತಿಲ್ವಂತೆ."

ಇಬ್ಬರೂ ತಿರುಗಿದರು. ಷಡ್ಡಕ ಕೇಳಿದ, "ಎಲ್ಲೋ ನಿನ್ನ ಹೆಂಡತಿ? ಸಂಜೆಯಿಂದ ಕಾಣಲಿಲ್ಲ."

ಅವಳು ಅಲ್ಲೇ ತೊಗಲಿಗೆ ಉಪ್ಪು ಸವರುವ ಕೆಲಸ ಮಾಡುತ್ತಿದ್ದಳು.

"ಬೆಳಿಗ್ಗೆ ಜಗಳ ಆಡಿದ್ವಿ. ಮೂತಿ ಊದಿಸಿಕೊಂಡು ತವರಿಗೆ ಹೋಗಿರಬೇಕು."

"ಫೋನ್ ಮಾಡಿದ್ಯಾ?"

"ನಾನ್ಯಾಕೆ ಮಾಡಲಿ? ಅವಳೇ ಮಾಡಲಿ." ಅಂದನೇ ಹೊರತು, ದನಿಯಲ್ಲಿ ಜೀವ ಇರಲಿಲ್ಲ.

ಆ ಮೆಶೀನಿನ ವಿಷಯ ಹೇಳಬೇಕು. ತೊಗಲಿಗೆ ಹುಳು ಬೀಳುತ್ತದೆ. ಎಲ್ಲರೂ ಮನೆಗೆ ಹೋದ ಮೇಲೆ ಕೋಣೆಗೆ ವಿಷದ ಗ್ಯಾಸ್ ಬಿಡಬೇಕು. ಬಿಡುವುದು ಒಂದು ಹಳೇ ಪ್ರೋಗ್ರಾಂ. ಚಿತ್ರವಿಲ್ಲ, ಬಣ್ಣವಿಲ್ಲ. ಕಪ್ಪು ಪರದೆ, ಬಿಳಿ ಅಕ್ಷರ. ನಾವು ಟೈಪ್ ಮಾಡಬೇಕು, ಅದು ಕೇಳಬೇಕು. ಹಳೇ ಕಂಪ್ಯೂಟರ್ ಸತ್ತಿತು. ಹೊಸದು ಈ ಪ್ರೋಗ್ರಾಮನ್ನು ಹತ್ತಿರಕ್ಕೂ ಸೇರಿಸಲಿಲ್ಲ. ಆ ಸಂಜೆ ಷಡ್ಡಕ ಹೊಸದರ ಹೊಟ್ಟೆಯೊಳಗೆ ಹಳೇ ಮೆಶೀನಿನ ವೇಷ ಹಾಕುವ ಇನ್ನೊಂದು ಪ್ರೋಗ್ರಾಂ ಕೂರಿಸಿ, ಅದರಲ್ಲಿ ಇದನ್ನು ಓಡಿಸಿದ. ಹುಚ್ಚುಕುದುರೆಯ ಹಾಗೆ ಓಡಿತು. ಕಡಿವಾಣ ಹಾಕಿ, ಹಿಂದಿನ ನಿಧಾನಕ್ಕೆ ಇಳಿಸಿದ.

ಗ್ಯಾಸ್ ಬಿಡುವ ಮೊದಲು ಅದು ಒಂದೇ ಪ್ರಶ್ನೆ ಕೇಳುತ್ತದೆ. ಒಳಗೆ ಯಾರಾದರೂ ಇದ್ದಾರಾ? ಇದ್ದರೆ ವೈ. ಇಲ್ಲದಿದ್ದರೆ ಎನ್.

ಎಷ್ಟೋ ವರ್ಷ ಆ ಕುರ್ಚಿಯಲ್ಲಿ ಕೂತು ಉತ್ತರ ಕೊಟ್ಟವಳು ಷಡ್ಡಕನ ಅತ್ತಿಗೆ. ಸೆರಗಿನಿಂದ ಮೂಗು ಮುಚ್ಚಿಕೊಂಡು ಕೊನೆಯ ರಾಶಿಯವರೆಗೆ ನಡೆದು, ನೋಡಿ ಬಂದೇ ಎನ್ ಒತ್ತುತ್ತಿದ್ದಳು. ದಿನಾ. ಹೋದ ವರ್ಷ ತೀರಿಕೊಂಡಳು. ಅತ್ತಿಗೆ ಅಂದರೆ… ನಮ್ಮ ಮನೆಯವಳು.

ಕಂಪ್ಯೂಟರಿನ ಕೋಣೆಯಲ್ಲಿ ಧಣಿ ಅತ್ತರಿನ ಕರವಸ್ತ್ರ ಮೂಗಿಗೆ ಒತ್ತಿಕೊಂಡು ನಿಂತಿದ್ದ.

"ಏನಯ್ಯಾ ಇದು? ನಾನು ಎನ್ ಒತ್ತಿದರೆ ಅಳಿಸಿ ವೈ ಅನ್ನತ್ತೆ!"

ಷಡ್ಡಕ ಎನ್ ಒತ್ತಿದ. ಅಕ್ಷರ ಮೂಡಿತು. ಅಳಿಸಿಹೋಯಿತು.

ಟಕ್.

ವೈ.

ಕೀಬೋರ್ಡ್ ಕೆಟ್ಟಿರಬೇಕು ಅಂತ ಅದರ ವೈರು ಕಿತ್ತ. ಕಾದರು…

ಟಕ್.

ವೈ.

ಸದ್ದು ಮೇಜಿನಿಂದ ಬರಲಿಲ್ಲ. ಮೂಲೆಯಿಂದ ಬಂತು. ಅಲ್ಲಿ ಬಿದ್ದಿದ್ದದ್ದು ಹಳೇ ಕೀಬೋರ್ಡ್. ಅದರ ಗುಂಡು ಪಿನ್ನು ಹೊಸ ಮೆಶೀನಿಗೆ ಕೂರದೆ ಎಸೆದದ್ದು. ವೈರು ಸತ್ತ ಇಲಿಯ ಬಾಲದ ಹಾಗೆ ನೆಲದ ಮೇಲೆ. ಸಂದಿಯಲ್ಲೆಲ್ಲ ಕೂದಲು, ಕೊಬ್ಬಿನ ಜಿಡ್ಡು, ಜಿರಳೆ ರೆಕ್ಕೆ. ವರ್ಷದಿಂದ ಯಾರೂ ಒರೆಸಿರಲಿಲ್ಲ.

ಷಡ್ಡಕ ಅದರಿಂದ ಕಣ್ಣು ಕೀಳದೆ ಪಿಸುಗುಟ್ಟಿದ, "ಒಳಗೆ ನೋಡಿದ್ರಾ ಧಣಿ?"

"ನೋಡಿದೆನಯ್ಯಾ."

"ಎಲ್ಲಿವರೆಗೆ?"

"ಬಾಗಿಲವರೆಗೆ… ಆ ಗಬ್ಬಿನಲ್ಲಿ ಯಾವನು ಒಳಗೆ ಹೋಗ್ತಾನೆ? ಆ ಪ್ರಶ್ನೇನೇ ಹಾರಿಸಿಬಿಡು. ನಿನಗೆ ಬರತ್ತಲ್ಲ?"

ಬರುತ್ತಿತ್ತು. ಒಂದೇ ಸಾಲಿನ ಕೆಲಸ.

ಕಾವಲುಗಾರ ಪರದೆಯನ್ನೇ ನೋಡುತ್ತಿದ್ದ. ಅವನಿಗೆ ಓದಲು ಬಾರದು.

"ಅಣ್ಣಾ… ಅದು ಏನಂತ ಕೇಳ್ತಿದೆ?"

"ಒಳಗೆ ಯಾರಾದರೂ ಇದ್ದಾರಾ ಅಂತ."

"ಅದಕ್ಕೆ ಏನಂತ ಬಂದಿದೆ?"

"ಇದ್ದಾರೆ ಅಂತ."

ಕಾವಲುಗಾರ ಓಡಿದ. ಷಡ್ಡಕ ಟಾರ್ಚ್ ಹಿಡಿದು ಹಿಂದೆಯೇ.

ಒಳಗಿನ ನಾತ ಗೋಡೆಯ ಹಾಗೆ ಎದುರು ನಿಂತಿತ್ತು. ಕಾಲಡಿ ಪಿಚಕ್ ಪಿಚಕ್… ಹುಳುಗಳು. ಷಡ್ಡಕ ಒಮ್ಮೆ ವಾಂತಿ ಮಾಡಿದ. ಬಾಯಿ ಒರೆಸಿಕೊಂಡು ಮುಂದೆ ಹೋದ. ಕೊನೆಯ ರಾಶಿ ಜಾರಿ ಬಿದ್ದಿತ್ತು. ಹಸಿ ತೊಗಲಿನ ಅಡಿಯಿಂದ ಒಂದು ಕೈ. ಮುಷ್ಟಿಯಲ್ಲಿ ಉಪ್ಪು.

"ಏ… ಏಳೇ… ನಾನು ಕಣೇ…" ಕಾವಲುಗಾರ ಬರಿಗೈಯಲ್ಲಿ ತೊಗಲು ಎಳೆಯತೊಡಗಿದ. ಇಬ್ಬರೂ ಎಳೆದರು. ಲೋಳೆಗೆ ಕೈ ಜಾರುತ್ತಿತ್ತು. ಹೊರಗೆ ತಂದು ಮಲಗಿಸಿ ಮುಖಕ್ಕೆ ನೀರು ಹೊಡೆದರು. ಉಹ್… ಅಂತ ಉಸಿರು ಬಿಟ್ಟಳು. ಕಣ್ಣು ಬಿಟ್ಟು ಗಂಡನನ್ನು ನೋಡಿದಳು.

"ಈಗ ಬಂದ್ಯಾ," ಅಂದಳು.

ಕಾವಲುಗಾರ ಮಗುವಿನ ಹಾಗೆ ಅತ್ತ.

ಧಣಿ ದೂರದಲ್ಲೇ ನಿಂತು, ಕರವಸ್ತ್ರ ತೆಗೆಯದೆ ಅಂದ, "ಬದುಕಿದ್ದಾಳಲ್ಲ. ಯಾರಿಗೂ ಹೇಳಬೇಡಿ. ಸರಕು ಹಾಳಾಗತ್ತೆ, ಗ್ಯಾಸ್ ಬಿಡಿ."

ಷಡ್ಡಕ ಉಗಿದ. ತೊಗಲಿನ ಕಡೆಗಲ್ಲ.

ಗಂಡಹೆಂಡತಿಯನ್ನು ಆಸ್ಪತ್ರೆಯ ದಾರಿ ಹಿಡಿಸಿ, ಅವನೊಬ್ಬನೇ ಮತ್ತೆ ಒಳಗೆ ಹೋದ. ಕೊನೆಯ ರಾಶಿಯವರೆಗೆ ನಡೆದ. ನೋಡಿದ. ಬಂದು ಬಾಗಿಲು ಹಾಕಿದ. ಮೇಜಿನ ಹತ್ತಿರ ನಿಂತ. ಏನೂ ಮುಟ್ಟಲಿಲ್ಲ.

ಟಕ್.

ಎನ್.

ಗೋಡೆಯಾಚೆ ಗ್ಯಾಸ್ ಸುಸ್ಸ್ಸ್… ಅಂತು.

ಆ ಹಳೇ ಕೀಬೋರ್ಡನ್ನು ಚೀಲದಲ್ಲಿ ಹಾಕಿ, ಸೀದಾ ನಮ್ಮ ಮನೆಗೆ ತಂದುಕೊಟ್ಟ. "ಇದು ನಿಮ್ಮಲ್ಲಿರಲಿ ಅಣ್ಣ," ಅಂದ. ನೀರು ಕುಡಿದು ಹೋದ. ಉಳಿದದ್ದು ಹೇಳಿದ್ದು ಮರುದಿನ.

ಈಗ ಅದು ನಮ್ಮ ಅಟ್ಟದ ಮೇಲಿದೆ. ಇನ್ನೂ ನಾರುತ್ತದೆ. ಎತ್ತಿಕೊಂಡರೆ ಕೈಗೆ ಜಿಡ್ಡು ಅಂಟುತ್ತದೆ, ಆಮೇಲೆ ಊಟ ಸೇರುವುದಿಲ್ಲ. ಆದರೂ ನಾನು ಒರೆಸಿಲ್ಲ. ಬೇಕಾದರೆ ಬಂದು ನೋಡಿ. ಎಲ್ಲ ಕೀಗಳ ಮೇಲೂ ಹೊಲಸು ಕಟ್ಟಿದೆ, ಎರಡರ ಮೇಲೆ ಮಾತ್ರ ಇಲ್ಲ. ಎನ್ ಸವೆದು ಅಕ್ಷರವೇ ಹೋಗಿದೆ. ವೈ… ಈಗ ತಾನೆ ಸೆರಗಿನಿಂದ ಒರೆಸಿದ ಹಾಗಿದೆ.