ಬಾಕೇರೊ ಗಂಟು ಹಾಕಲ್ಲ

...ಅಲ್ಲ ಕಣೇ ಎಲೋಯ್ಸಾ, ಎರಡೂ ಒಂದೇ ಅಲ್ಲ! ಈ ದನದ ರಾಂಚಿನ ಹೊಸ ಮ್ಯಾನೇಜರ್ ವಿಟ್ಲಾಕ್‌ಗೂ ಇದನ್ನೇ ಹೇಳಿದೆ. ಹ್ಯೂಸ್ಟನ್‌ನಿಂದ ಬಂದ ತನ್ನ ನೆಂಟರ ಮುಂದೆ ನನ್ನ ಬೆನ್ನು ತಟ್ಟಿ, 'ಇವನು ರಾಂಚೆರೊ, ಅಂದ್ರೆ ನಮ್ಮ ರಾಂಚರ್ ಇದ್ದ ಹಾಗೇ ಅಲ್ವಾ?' ಅಂದ. ಹಾಗೇ ಅಂತೆ! ಲೇ, ಅವರ ರಾಂಚರ್ ಅಂದ್ರೆ ಜಮೀನು, ದನ, ಬೇಲಿ ಎಲ್ಲಕ್ಕೂ ಯಜಮಾನ. ರಾಂಚೆರೊ ಅಂದ್ರೆ ನಾನು, ನೀನು, ಆ ನಿನ್ನ ಕೋಳಿಗಳು... ಇಲ್ಲೇ ಹುಟ್ಟಿ ಇಲ್ಲೇ ಧೂಳು ತಿನ್ನೋರು. ಯಾಕೆ ನಗ್ತೀಯಾ? ನಗು, ನಗು. ಅವರೂ ನಕ್ಕರು.

ಕುರ್ಚಿ ತೋರಿಸ್ಬೇಡ, ಕೂರೋಕಾಗ್ತಿಲ್ಲ. ನಾಳೆ ಮುಳ್ಳುಪೊದೆಯಿಂದ ಹೋರಿಗಳನ್ನ ಹಿಡಿದು ತರಬೇಕು. ಹಗ್ಗ ಹಾಕೋನಿಗೆ ಮಾತ್ರ ಕೆಲಸ, ಕೆಲಸ ಇದ್ದೋನಿಗೆ ಮಾತ್ರ ರಾಂಚಿನ ಈ ಮನೆ ಅಂದುಬಿಟ್ಟಿದ್ದಾನೆ ಪುಣ್ಯಾತ್ಮ. ಅಂದ್ಕೊಳ್ಳಲಿ! ನನಗೇನು ಭಯ? ನಾನು ಬಾಕೇರೊ.

ಕೇಳು, ಇನ್ನೊಂದು ತಮಾಷೆ. ಆ ನೆಂಟರಲ್ಲಿ ಒಬ್ಬಳ ತವರು ನೆವಾಡಾ. ಅವರಲ್ಲಿ ದನ ಕಾಯೋನಿಗೆ ಬಕರೂ ಅಂತಾರಂತೆ. ನಮ್ಮ ಬಾಕೇರೊನೇ ಕಣೇ, ನಾಲಿಗೆ ತಿರುಗದೆ ಬಕರೂ ಮಾಡ್ಕೊಂಡಿದ್ದಾರೆ! ಹೋಗ್ಲಿ ಬಿಡು, ಅವರು ಹಗ್ಗನಾದ್ರೂ ನಮ್ಮ ಹಾಗೇ ಹಿಡೀತಾರೆ. ಹೋರಿ ಕೊರಳಿಗೆ ಎಸೆದು, ತುದಿನ ಕೈಯಲ್ಲೇ ಹಿಡಿದು, ಕುದುರೆ ಜೀನಿನ ಮುಂದಿರೋ ಕೊಂಬಿಗೆ ಸರಸರ ಸುತ್ತೋದು. ಬೇಕಾದ್ರೆ ಬಿಗಿ, ಬೇಡವಾದ್ರೆ ಸಡಿಲ. ಎಲ್ಲಾ ಬೆರಳಲ್ಲಿರೋದು. ಈ ಟೆಕ್ಸಸ್ ಕೌಬಾಯ್ ಇದ್ದಾನಲ್ಲ, ಅವನು ಹಗ್ಗದ ತುದಿನ ಮೊದಲೇ ಜೀನಿನ ಕೊಂಬಿಗೆ ಗಂಟು ಹಾಕಿಟ್ಟಿರ್ತಾನೆ. ಹೋರಿ ರೊಚ್ಚಿಗೆದ್ರೆ ಬಿಡೋಕಾಗುತ್ತಾ? ಕುದುರೆನೂ ಹೋಯ್ತು, ಸವಾರನೂ ಹೋದ. ನಿನ್ನ ತಮ್ಮ ಲಿಬ್ರಾದೊ ಹಾಗೇ ತಾನೆ...

ಆಯ್ತು. ಆಯ್ತು ಮಾರಾಯ್ತಿ, ಅವನ ಸುದ್ದಿ ಎತ್ತಲ್ಲ. ಕಣ್ಣು ಒರೆಸ್ಕೋ.

ನಾನು ಹೇಳಿದ್ದು ಇಷ್ಟೇ, ಅವನೂ ದನ ಕಾಯ್ತಾನೆ, ನಾನೂ ಕಾಯ್ತೀನಿ, ಆದ್ರೆ ಕೌಬಾಯ್ ಬೇರೆ, ಬಾಕೇರೊ ಬೇರೆ. ಗಂಟು ಹಾಕೋದು ನಮಗೆ ನಾಚಿಕೆಗೇಡು! ಗೊತ್ತಾಯ್ತಾ?

ಎಲ್ಲಿಗೆ ಹೋದೆ? ಜೀನು ಅಲ್ಲೇ ಇರ್ಲಿ. ಎಣ್ಣೆ ನಾನೇ ಹಚ್ತೀನಿ. ಹಗ್ಗ ಮುಟ್ಬೇಡ ಅಂದೆ, ಧೂಳಿದೆ... ಎಲೋಯ್ಸಾ!

ಆ ಗಂಟಾ? ಅದು... ಯಾರೋ ಪಡ್ಡೆಗಳು ತಮಾಷೆಗೆ ಹಾಕಿರ್ಬೇಕು. ಹೂಂ, ಕೊಟ್ಟಿಗೇಲಿ, ನಾನು ಆಚೆ ಹೋದಾಗ. ಬೈಯ್ಬೇಕಾದ್ರೆ ಬೈಯ್ಯೇ! ಹೀಗೆ ನನ್ನ ಕೈ ನೋಡ್ಬೇಡ...

ಬಿಚ್ಚಬೇಡ. ಬಿಚ್ಚಬೇಡ ಕಣೇ, ನಿನ್ನ ದಮ್ಮಯ್ಯ. ಅದನ್ನ ಬಿಚ್ಚಿದ್ರೆ ನಾಳೆ ಹೋರಿನ ಹಿಡಿದಿಟ್ಕೊಳ್ಳೋದು ಯಾವುದು? ಈ ಬೆರಳು ಮಡಚೋದೇ ಇಲ್ಲ.