ಎರಡು ಹೆಸರಿನ ಫೈಲು

ಶಹಾಪುರದ ನಿಲ್ದಾಣದಲ್ಲಿ ಯಾದಗಿರಿಯ ಬಸ್ಸಿಗೆ ಕಾಯುತ್ತ ಕೂತಿದ್ದೆ. ನನ್ನ ಮುಂದಿನ ಬೆಂಚಿನಲ್ಲಿ ಒಂದೇ ಶಾಲೆಯ ಇಬ್ಬರಿದ್ದರು: ನಿವೃತ್ತಿಗೆ ಹತ್ತಿರವಾದ ಶಾಂತಾದೇವಿ ಟೀಚರು ಮತ್ತು ಕಂಪ್ಯೂಟರ್ ಕಲಿಸುವ ಅನುರಾಧಾ. ಟೀಚರು ಮೆಲ್ಲಗೆ ಮಾತು ತೆಗೆದರು.

“ಸಾಲಿ ಕಂಪ್ಯೂಟರಿನ್ಯಾಗಿದ್ದ ಅಣ್ಣನ ದನಿ ನನ್ನ ಕೈಯಾರೆ ಅಳಿಸಿಬಿಟ್ಟೆನವ್ವಾ. ಬ್ಯಾರೆ ಫೈಲ್ ಅಂದ್ಕೊಂಡೆ.”

“ನೀವು ಅಳಿಸಿದ್ದು ಬರೇ ಹೆಸರು, ಅಕ್ಕೋರ. ಆ ಕಂಪ್ಯೂಟರ್ ನಡಸೋ ಲಿನಕ್ಸಿನ್ಯಾಗ ಪ್ರತಿ ಫೈಲಿಗೂ ಒಳಗೊಂದು ನಂಬರ್ ಇರ್ತದ, ಐನೋಡ್ ಅಂತಾರ. ದನಿ ಇರೋದು ಆ ನಂಬರಿನ ಕಡಿ. ಹೆಸರು ಅದಕ್ಕ ಕಟ್ಟಿದ ಚೀಟಿ ಇದ್ದಂಗ.”

“ಆ ಚೀಟಿನ ಹರದೆನಲ್ಲ.”

“ನಾ ಹೋದ ವಾರ ಅದಕ್ಕ ಇನ್ನೊಂದು ಹೆಸರು ಕಟ್ಟಿಟ್ಟೀನ್ರಿ. ಎಷ್ಟು ಹೆಸರು ಅದಾವ ಅಂತ ಲೆಕ್ಕ ಇರ್ತದ. ಕಡೀ ಹೆಸರೂ ಹೋದ್ರ ಮಾತ್ರ ದನಿ ಹೋಗ್ತದ.”

“ಹಂಗಾದ್ರ ಅಣ್ಣ ಅದಾನ.”

“ಅದಾರ್ರಿ. ಏನಂತಾರ ಅದ್ರಾಗ?”

“‘ನೀಲಮ್ಮ, ಊಟ ಆತೇನು’ ಅಂತಾನ. ಅಷ್ಟ.”

“ನೀಲಮ್ಮ ಯಾರ್ರಿ?”

“ನಾನ. ಅದು ತವರುಮನಿ ಹೆಸರು. ಲಗ್ನದಾಗ ಹೆಸರು ಬದಲಿಸಿ ಅಕ್ಕಿಯೊಳಗ ಶಾಂತಾದೇವಿ ಅಂತ ಬರೆಸಿದ್ರು. ಅವ್ವ ಅಪ್ಪ ಹೋದ ಮ್ಯಾಲ ನೀಲಮ್ಮ ಅನ್ನಾಂವ ಅಣ್ಣ ಒಬ್ಬನ ಉಳಿದಿದ್ದ. ಅವ ಹೋಗಿ ವರ್ಷ ಆತು.”

ಅಷ್ಟರಲ್ಲಿ ಸುರಪುರದ ಬಸ್ಸು ಬಂತು. ಅನುರಾಧಾ ಓಡಿಹೋಗಿ ಕಿಟಕಿಯಿಂದ ಸೀಟಿನ ಮೇಲೆ ಕರವಸ್ತ್ರ ಹಾಕಿ, ಬಾಗಿಲ ಬಳಿ ನಿಂತು ಕರೆದಳು.

“ನೀಲಮ್ಮಕ್ಕ, ಬರ್ರಿ.”

ಬೇರೆ ಯಾರನ್ನೋ ಕರೆದಳೆಂಬಂತೆ ಟೀಚರು ಹಿಂದೆ ತಿರುಗಿ ನೋಡಿದರು. ಹಿಂದೆ ನಾನೊಬ್ಬನೇ ಇದ್ದೆ. ಆಮೇಲೆ ಸೆರಗು ಸರಿಮಾಡಿಕೊಂಡು ಎದ್ದು ಹೋದರು.