ಬೆಳಿಗ್ಗೆ ಎಂಟೂವರೆಯ ಕಿಚ್ಚು

ಸಂಕ್ರಾಂತಿಯ ಹಿಂದಿನ ದಿನ ಬಂಗಾರಪೇಟೆ ಹತ್ತಿರದ ನಮ್ಮೂರ ಡೇರಿಯಲ್ಲಿ ಹಾಲು ಹಾಕಲು ನಿಂತಿದ್ದೆ. ಮನೆಯಲ್ಲಿ ಅವರೆಕಾಳು ಹಿದುಕುವ ಕೆಲಸ ಬಾಕಿ ಇತ್ತು. ಸಾಲಿನಲ್ಲಿ ನನ್ನ ಮುಂದೆ ಮುನಿಸ್ವಾಮಪ್ಪನವರಿದ್ದರು. ಊರಿನ ದನಗಳಿಗೆ ಕಿಚ್ಚು ಹಾಯಿಸಲು ಪ್ರತಿ ವರ್ಷ ಬೆಂಕಿ ಹಚ್ಚುವವರು ಅವರೇ. ನಮ್ಮೂರಿನ ಅಕ್ಕಯ್ಯಮ್ಮ ಅವರ ಬೆನ್ನು ಹತ್ತಿದ್ದರು.

“ಮಾವ, ನಾಳೆ ಕಿಚ್ಚು ಬೆಳಿಗ್ಗೆ ಎಂಟೂವರೆಗೆ ಅಚ್ಚಿಬಿಡು.”

“ಒತ್ತು ಮುಳುಗೋಕ್ ಮುಂಚೆ ಯಾರಾದ್ರೂ ಕಿಚ್ಚು ಅಚ್ತಾರೇನಮ್ಮ?”

“ನಮ್ಮ ಮಗಳು ಅರ್ಚನ ನ್ಯೂಜಿಲೆಂಡ್‌ನಾಗೆ ಅಸು ಫಾರಂನಲ್ಲಿ ಅವ್ಳಲ್ಲ, ಅಲ್ಲಿ ಈಗ ಬಿರುಬೇಸಿಗೆ. ಬೆಂಕಿ ಅಚ್ಚಂಗಿಲ್ವಂತೆ. ನಮ್ಮ ಎಂಟೂವರೆಗೆ ಅಲ್ಲಿ ಸಾಯಂಕಾಲ ಆಲು ಕರೆಯೋ ಒತ್ತು. ನಮ್ಮ ಕಿಚ್ಚನ್ನ ಫೋನ್‌ನಾಗೆ ತೋರಿಸಿದ್ರೆ, ಅವಳ ಅಸುಗಳು ಅದರ ಮುಂದೆ ಆದೋಗ್ತವೆ.”

“ಕೊಂಬಿಗೆ ಬಣ್ಣ?”

“ಅವಕ್ಕೆ ಕೊಂಬೇ ಇಲ್ಲ ಮಾವ. ಕಿವಿಗೆ ನಂಬರ್ ಬಿಲ್ಲೆ ಆಕವ್ರೆ. ಅದಕ್ಕೇ ಕುಂಕುಮ ಇಕ್ತಾಳಂತೆ.”

“ಫೋನ್ ನೋಡ್ಕೊಂಡು ದನ ಎಗರ್ತಾವಾ?”

“ಎಗರ್ದಿದ್ರೆ ನಡ್ಕೊಂಡೋಗ್ಲಿ. ನಿನ್ನೆ ಅತ್ಕೊಂಡ್ಲು ಮಾವ, ಸಂಕ್ರಾಂತಿ ಅಬ್ಬ ಅಂತ ಅನ್ನೋಕೂ ಅಲ್ಲಿ ಜನ ಇಲ್ಲ ಅಂತ.”

ಮುನಿಸ್ವಾಮಪ್ಪನವರ ಸರದಿ ಬಂತು. ಹಾಲು ಸುರಿದು, ಖಾಲಿ ಕ್ಯಾನಿನ ಮುಚ್ಚಳ ಹಾಕಿದರು.

“ಎಷ್ಟು ದನ ಅವೆ?”

“ನಾನೂರು.”

“ನಾನೂರಾ! ಊರಿನ ದನಕ್ಕೆ ಸಾಯಂಕಾಲ ಬೇರೆ ಅಚ್ಬೇಕು. ನನ್ನತ್ರ ಇರೋ ಉಲ್ಲು ಎಲ್ಲಿ ಸಾಕಾಯ್ತದೆ? ಬೆಳಿಗ್ಗೆ ಬರೋವಾಗ ನೀನೂ ಎರಡು ಒರೆ ತತ್ತಾ,” ಎಂದು ಬೈಯುತ್ತಲೇ ಕ್ಯಾನ್ ಎತ್ತಿಕೊಂಡು ಹೊರಟರು.